ಕೊಂಬು ಗಟ್ಟಿಯಾಗುವ ಮುನ್ನ

ಬೇಲಿಯ ತಂತಿಗೆ ಉಗುರಿನಗಲದ ಚರ್ಮದ ಚೂರೊಂದು ಅಂಟಿಕೊಂಡಿತ್ತು. ಒಂದು ಬದಿಗೆ ಬೂದು ಬಣ್ಣದ ನವಿರಾದ ರೋಮ, ಇನ್ನೊಂದು ಬದಿಗೆ ಒಣಗಿ ಕಪ್ಪಾದ ರಕ್ತ. ಬೆಳೆಯುತ್ತಿರುವ ಕೊಂಬಿನ ಮೇಲೆ ಮಾತ್ರ ಇರುವ ಚರ್ಮ ಅದು, ಮುಟ್ಟಿದರೆ ಮಖಮಲ್ಲಿನಂತಿರುತ್ತದೆ. ಕೊಂಬು ಗಟ್ಟಿಯಾದ ಮೇಲೆ ಜಿಂಕೆ ತಾನೇ ಅದನ್ನು ಮರಕ್ಕೆ ಉಜ್ಜಿ ಕಳಚಿಕೊಳ್ಳುತ್ತದೆ. ಇದು ಹೊತ್ತಿಗೆ ಮೊದಲೇ ಹರಿದಿತ್ತು.

ಗಲ್ಫಿನ ಅಲ್ ಐನ್ ಪಟ್ಟಣದಿಂದಾಚೆ ಖಾಸಗಿ ತೋಟವೊಂದರಲ್ಲಿ, ಗಾಫ್ ಮರಗಳ ನಡುವೆ, ಚುಕ್ಕಿ ಜಿಂಕೆಗಳ ಹಿಂಡಿತ್ತು. ಅವುಗಳನ್ನು ನೋಡಿಕೊಳ್ಳುತ್ತಿದ್ದ ಚಿಕಿತ್ಸಾಲಯದಲ್ಲಿ ನಾನು ಕಿರಿಯ ಪಶುವೈದ್ಯೆ. ಮಂಗಳೂರಿನಿಂದ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಕೋವಿಯಿಂದ ಮದ್ದಿನ ಸೂಜಿ ಹೊಡೆದು ಜಿಂಕೆ ಹಿಡಿಯುವುದು ಅಲ್ಲಿ ಚಳಿಗಾಲದ ಕೆಲಸ. ಸೆಪ್ಟೆಂಬರಿನಲ್ಲಿ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಆ ಸೆಕೆಯಲ್ಲಿ ಓಡಿದ ಪ್ರಾಣಿ ಮೈ ಕಾದು, ಅಮಲಿನಲ್ಲೇ ಸಾಯುತ್ತದೆ. ಆದರೆ ಈ ಗಂಡು ಜಿಂಕೆಯ ಕೊಂಬು ಬೇಲಿಗೆ ಸಿಕ್ಕಿ ಮುರಿದು, ಗಾಯಕ್ಕೆ ಹುಳು ಬಿದ್ದಿತ್ತು. ತೋಟದ ಮ್ಯಾನೇಜರ್ ತೀರ್ಮಾನ ಹೇಳಿಯಾಗಿತ್ತು: ಇವತ್ತೇ ಚಿಕಿತ್ಸೆ ಆಗಬೇಕು, ನಾಳೆ ಬೆಳಿಗ್ಗೆ ಅದು ತನ್ನ ಕಾಲ ಮೇಲೆ ನಿಂತಿರಬೇಕು. ಇಲ್ಲದಿದ್ದರೆ ನಿಜವಾದ ಗುಂಡು.

ಬೆಳಕು ಹರಿಯುವ ಹೊತ್ತಿಗೆ ಮೂವರು ನಡೆದು ಹೊರಟೆವು. ಕೋವಿ ಹಿಡಿದ ಹಿರಿಯ ಡಾಕ್ಟರು ಸುಡಾನಿನವರು, ಮೃದುವಾಗಿ ಮಾತಾಡುವ ಮನುಷ್ಯ. ಡ್ರೈವರ್ ಉಡುಪಿ ಕಡೆಯ ಬ್ಯಾರಿ, ಗಲ್ಫಿನಲ್ಲಿ ಹಳಬ. ಗಾಳಿ ನಮ್ಮ ಮುಖಕ್ಕೆ ಬೀಸುವಂತೆ ಸುತ್ತು ಬಳಸಿ, ಮರದಿಂದ ಮರಕ್ಕೆ ಬಗ್ಗಿ ಸಾಗಿದೆವು.

"ಇನ್ನೂ ಸ್ವಲ್ಪ ಬಗ್ಗಿ ಮಾರಾಯ್ರೆ," ಡ್ರೈವರ್ ಪಿಸುಗುಟ್ಟಿದ. "ನಿಮ್ಮ ಈ ಟೊಪ್ಪಿ ದುಬೈಯಿಂದಲೇ ಕಾಣ್ತದೆ."

ನಾನು ಟೊಪ್ಪಿ ತೆಗೆದು ಚೀಲಕ್ಕೆ ಹಾಕಿದೆ.

ಗಂಡು ಒಂಟಿಯಾಗಿ ನಿಂತಿತ್ತು. ಎಡಗೊಂಬು ಸರಿಯಾಗಿತ್ತು, ಬಿಸಿಲು ಹಿಂದಿನಿಂದ ಬಿದ್ದು ರೋಮದ ಅಂಚು ಹೊಳೆಯುತ್ತಿತ್ತು. ಬಲಗೊಂಬು ಮಧ್ಯದಲ್ಲಿ ಮುರಿದು ಜೋತಿತ್ತು, ಸುತ್ತ ನೊಣಗಳು. ಅದು ತಲೆ ಕೊಡವಿದಾಗಲೆಲ್ಲ ಅವು ಎದ್ದು ಮತ್ತೆ ಕೂರುತ್ತಿದ್ದವು. ಡಾಕ್ಟರು ಬಹಳ ಹೊತ್ತು ಕಾದು ಹೊಡೆದರು. ಸೂಜಿ ತೊಡೆಗೆ ನಾಟಿತು. ಜಿಂಕೆ ಒಮ್ಮೆ ನೆಗೆದು ಮರಳುದಿಬ್ಬದಾಚೆ ಮರೆಯಾಯಿತು.

ಅಟ್ಟಿದರೆ ಇನ್ನಷ್ಟು ಓಡುತ್ತದೆ. ಹಾಗಾಗಿ ಡ್ರೈವರ್ ಒಬ್ಬನೇ ವಾಕಿಟಾಕಿ ಹಿಡಿದು, ದೂರದಿಂದ ನೋಡಲು ದಿಬ್ಬ ಹತ್ತಿದ. ನಾವು ಮರದ ಬುಡದಲ್ಲಿ ಕುಳಿತೆವು. ಸ್ವಲ್ಪದರಲ್ಲೇ ಅವನ ದನಿ ಬಂತು: "ಡಾಕ್ಟರ್, ಖಲಾಸ್."

ಡಾಕ್ಟರು ನಿಟ್ಟುಸಿರು ಬಿಟ್ಟು ಮುಗುಳ್ನಕ್ಕರು. "ಖಲಾಸ್. ಮಲಗಿತು. ಕೂತ್ಕೋ, ಅಮಲು ಚೆನ್ನಾಗಿ ಏರಲಿ. ಈಗಲೇ ಹೋದರೆ ಬೆದರಿ ಏಳುತ್ತದೆ."

ಅವರ ಅರಬಿಯಲ್ಲಿ ಆ ಶಬ್ದಕ್ಕೆ ಆಯಿತು, ಸಾಕು ಎಂದಷ್ಟೇ ಅರ್ಥ. ಊಟ ಖಲಾಸ್, ಡ್ಯೂಟಿ ಖಲಾಸ್ ಎಂದು ಡ್ರೈವರ್ ಕೂಡ ದಿನವಿಡೀ ಹೇಳುತ್ತಿದ್ದ. ಆದರೆ ನಮ್ಮೂರಲ್ಲಿ ಆಸಾಮಿ ಖಲಾಸ್ ಎಂದರೆ ಸತ್ತ ಎಂದೇ. ಅವನು ಅದನ್ನು ಹೇಳಿದ ದನಿ ನಮ್ಮೂರಿನದಾಗಿತ್ತು. ಡಾಕ್ಟರಿಗೆ ಇದನ್ನೆಲ್ಲ ವಿವರಿಸುವಷ್ಟು ಹೊತ್ತಿರಲಿಲ್ಲ. ನೀರಿನ ಕ್ಯಾನ್ ಎತ್ತಿಕೊಂಡು ಓಡಿದೆ. ಹಿಂದಿನಿಂದ ಅವರು "ನಿಲ್ಲು! ಬೇಡ!" ಎಂದು ಕೂಗಿದ್ದು ಕೇಳಿಸಿತು.

ದಿಬ್ಬದ ಇಳಿಜಾರಿನಲ್ಲಿ ಜಿಂಕೆ ತಲೆಕೆಳಗಾಗಿ ಬಿದ್ದಿತ್ತು. ಕುತ್ತಿಗೆ ಮೈಯಡಿ ಸಿಕ್ಕಿ ಮಡಚಿತ್ತು, ಪಕ್ಕೆಗಳು ಅಲುಗುತ್ತಿರಲಿಲ್ಲ. "ಹೋಯ್ತು ಮೇಡಮ್," ಎಂದ ಡ್ರೈವರ್.

"ಭುಜ ಹಿಡಿ. ಎಳೆ."

ಇಬ್ಬರೂ ಸೇರಿ ಅದನ್ನು ಎದೆಯ ಮೇಲೆ ಕೂರಿಸಿದೆವು. ನಾನು ಕುತ್ತಿಗೆ ನೇರ ಮಾಡಿ, ನಾಲಿಗೆ ಹೊರಗೆಳೆದು, ಪಕ್ಕೆ ಒತ್ತಿದೆ. ಮತ್ತೆ ಒತ್ತಿದೆ. ಒಣ ಕೆಮ್ಮಿನಂಥ ಸದ್ದೊಂದು ಬಂತು, ಆಮೇಲೆ ಉಸಿರು. ಹೊಟ್ಟೆಗೆ, ತೊಡೆಸಂದಿಗೆ ನೀರು ಸುರಿದೆವು. ಏದುಸಿರು ಬಿಡುತ್ತ ಬಂದ ಡಾಕ್ಟರು ಪಕ್ಕದಲ್ಲೇ ಮೊಣಕಾಲೂರಿದರು. ಅದರ ಕಣ್ಣಿಗೆ ಬಟ್ಟೆ ಕಟ್ಟಿ, ರಕ್ತ ಸುರಿಯದಂತೆ ಕೊಂಬಿನ ಬುಡಕ್ಕೆ ಪಟ್ಟಿ ಬಿಗಿದು, ಮುರಿದದ್ದನ್ನು ಕೊಯ್ದು ತೆಗೆದರು. ಹಿಡಿದುಕೊಂಡಿದ್ದವಳು ನಾನು. ಕೊಂಬೆಂದರೆ ಒಣ ವಸ್ತು ಎಂದೇ ನನ್ನ ಕೈಗೆ ಗೊತ್ತಿದ್ದದ್ದು. ಇದು ಮಗುವಿನ ತೋಳಿನಂತೆ ಬೆಚ್ಚಗಿತ್ತು.

ಅಮಲಿಳಿಸುವ ಮದ್ದು ಕೊಟ್ಟ ಮೇಲೆ ಜಿಂಕೆ ಎದ್ದು, ತೂರಾಡಿ, ನೆರಳಿಗೆ ಹೋಯಿತು. ಎದ್ದದ್ದರಿಂದಲೇ ಬದುಕಿತು ಎನ್ನುವಂತಿಲ್ಲ. ಓಡಿ ಕಾದ ಸ್ನಾಯು ಒಳಗೇ ಕೆಟ್ಟು, ಒಂದೆರಡು ದಿನದಲ್ಲಿ ಕುಸಿಯುವುದುಂಟು.

ಹಿಂದಿರುಗುವಾಗ ಪಿಕಪ್ಪಿನಲ್ಲಿ ಡ್ರೈವರನ್ನು ಕೇಳಿದೆ, "ಖಲಾಸ್ ಅಂದದ್ದು ಯಾವ ಅರ್ಥದಲ್ಲಿ?"

"ಸತ್ತಿತು ಅಂತಲೇ. ಸತ್ತದ್ದಕ್ಕೆ ಸರಿಯಾದ ಅರಬಿ ಶಬ್ದ ಆ ಹೊತ್ತಿಗೆ ಬಾಯಿಗೆ ಬರಬೇಕಲ್ಲ ಮಾರಾಯ್ರೆ! ನೀವೂ ಅರಬಿ ಪಂಡಿತರಾಗಿದ್ದಿದ್ರೆ ಅಲ್ಲಿಗೆ ಮುಗೀತಿತ್ತು."

ಡಾಕ್ಟರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದೆ. ಅವರು ನಗಲಿಲ್ಲ. ಕಿಟಕಿಯಾಚೆ ನೋಡುತ್ತ, "ನಾನು ಅಲ್ಲೇ ಕೂತಿರುತ್ತಿದ್ದೆ," ಎಂದರು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಬರುವ ಮೊದಲೇ ಒಬ್ಬಳೇ ತೋಟಕ್ಕೆ ಹೋದೆ. ಗಂಡು ನಿಂತಿತ್ತು, ಒಂದೇ ಕೊಂಬಿನ ಭಾರಕ್ಕೆ ತಲೆ ಓರೆಯಾಗಿ. ನಿಂತಿರುವುದಷ್ಟೇ ನನಗೆ ಸಾಲದಾಗಿತ್ತು. ಪಿಕಪ್ಪಿನಿಂದ ಇಳಿಯದೆ, ಕಿಟಕಿಯ ಗಾಜು ಇಳಿಸಿ ಕಾದೆ. ಬಿಸಿಲು ಸ್ಟೇರಿಂಗಿನ ಮೇಲೆ ಬರುವಷ್ಟರಲ್ಲಿ ಅದರ ಗಂಟಲಲ್ಲಿ ಉಂಡೆಯೊಂದು ಮೇಲೇರಿತು; ದವಡೆ ನಿಧಾನವಾಗಿ ಅತ್ತಿತ್ತ ಆಡತೊಡಗಿತು. ಜಿಂಕೆ ಮೆಲುಕು ಹಾಕುತ್ತಿತ್ತು; ಒಳಗೆ ಕೆಟ್ಟ ಪ್ರಾಣಿ ಮೆಲುಕು ಹಾಕುವುದಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ, ಕೋವಿ ತರುವುದು ಬೇಡ ಎಂದೆ.