ಮೂಲೆಯಲ್ಲೊಂದು ಹೆಸರು

ಹಿರಿಯೂರಿನಲ್ಲಿ ಯಾರ ಹುಟ್ಟುಹಬ್ಬಕ್ಕೆ ಯಾರು ಶುಭ ಕೋರಿದರೂ ಅದು ಮಲೀಕಾಳ ಕೈ ದಾಟಿಯೇ ಬೀದಿಗೆ ಬರಬೇಕು. ಮುರುಗಪ್ಪನ ಫ್ಲೆಕ್ಸ್ ಅಂಗಡಿಯ ದೊಡ್ಡ ಮಿಷಿನ್ನನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿರುವವಳು ಅವಳೇ. ಆದಿವಾಲದ ಎಷ್ಟು ಮರಿ ಲೀಡರುಗಳ ನರೆತ ಮೀಸೆ ಕಪ್ಪು ಮಾಡಿದ್ದಾಳೋ, ಯಲ್ಲದಕೆರೆಯ ಎಷ್ಟು ಹುಡುಗರಿಗೆ ಕೂಲಿಂಗ್ ಗ್ಲಾಸು ತೊಡಿಸಿದ್ದಾಳೋ, ದೇವರೇ ಬಲ್ಲ! ಅವಳಪ್ಪ ಬಡೇಸಾಬ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವನು. ಬೋರ್ಡು ಯಾರದ್ದಾದರೇನು, ಮೂಲೆಯಲ್ಲಿ ‘ಬಡೇಸಾಬ, ಹಿರಿಯೂರು’ ಎಂದು ಸಣ್ಣಗೆ ಬರೆಯದೆ ಏಣಿ ಇಳಿಯುತ್ತಿರಲಿಲ್ಲ. ಫ್ಲೆಕ್ಸಿನ ಮೂಲೆಯಲ್ಲಿರುವುದು ಅಂಗಡಿಯ ಹೆಸರು, ಮುರುಗಪ್ಪನ ಫೋನ್ ನಂಬರು. ಮಲೀಕಾಳ ಹೆಸರು ಎಲ್ಲೂ ಇಲ್ಲ.

ಈಗ ಮೊದಲ ಸಲ ಅವಳ ಹೆಸರು ಅಚ್ಚಾಗಿತ್ತು. ಅದೂ ಎಲ್ಲಿ, ತಪ್ಪೊಪ್ಪಿಗೆ ಪತ್ರದಲ್ಲಿ!

ಆಯುಧಪೂಜೆಯ ರಜೆ ಮುಗಿಸಿ ಬಂದಾಗಿನಿಂದ ಮಿಷಿನ್ನು ಇಂಕು ಸೋರುತ್ತಿತ್ತು. ಬಣ್ಣ ಸಿಂಪಡಿಸುವ ಹೆಡ್ಡಿನಿಂದ ನಾಲ್ಕೂ ಬಣ್ಣ ತೊಟತೊಟ. ಮದುಮಗಳ ಕೆನ್ನೆ ಮೇಲೆ ಕಪ್ಪು, ಸ್ವಾಮೀಜಿಯ ಹಣೆ ಮೇಲೆ ನೀಲಿ. ಮಲೀಕಾ ರಬ್ಬರ್ ರಿಂಗು ಬದಲಿಸಿದಳು, ಫಿಲ್ಟರು ಬದಲಿಸಿದಳು, ಹೆಡ್ಡು ಒರೆಸಿ ಒರೆಸಿ ಉಗುರೆಲ್ಲ ಬಣ್ಣವಾಯಿತು. ಸೋರುವುದು ನಿಲ್ಲಲಿಲ್ಲ. ಹಬ್ಬವಾದ ಎಂಟನೇ ದಿನ ದುರ್ಗದಿಂದ ಬಂದ ಮೆಕ್ಯಾನಿಕ್ ತಿಪ್ಪೇಶ್ ಐದೇ ನಿಮಿಷ ಬಗ್ಗಿ ನೋಡಿದ.

"ಹೆಡ್ಡು ಹೋಗೈತೆ. ತೊಳೆಯೋವಾಗ ಈಯಮ್ಮ ಗಸಗಸ ಉಜ್ಜಿರ್ಬೇಕು."

ಅಷ್ಟು ಸಾಕಾಯಿತು ಮುರುಗಪ್ಪನಿಗೆ. ‘ನನ್ನ ಬೇಜವಾಬ್ದಾರಿಯಿಂದ ಮಿಷಿನ್ ಕೆಟ್ಟಿದೆ, ಕೆಲಸ ಬಿಡುತ್ತಿದ್ದೇನೆ’ ಎಂದು ಪತ್ರ ಟೈಪು ಮಾಡಿ, ಕೆಳಗೆ ಅವಳ ಹೆಸರು ಹಾಕಿ, ಪ್ರಿಂಟು ತೆಗೆದು ಪೆನ್ನು ಚಾಚಿದ.

"ಸಹಿ ಹಾಕಮ್ಮ. ನಾಳೆಯಿಂದ ಬರೋದು ಬ್ಯಾಡ."

ಹನ್ನೊಂದು ವರ್ಷಕ್ಕೆ ಇದಾ ಮರ್ಯಾದೆ? ಮಲೀಕಾಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ನನ್ ಕೈ ಬಿದ್ದೋದ್ರೂ ಹಾಕಲ್ಲ," ಅಂದಳು. "ತಿಪ್ಪೇಶಣ್ಣ, ಒಂದು ಬಣ್ಣ ಸೋರಿದ್ರೆ ಹೆಡ್ಡು ಅನ್ರಿ, ಒಪ್ತೀನಿ. ನಾಕೂ ಒಂದೇ ದಿನ ಕೆಟ್ಟೋಗ್ತಾವಾ? ಸುಮ್ನೆ ನಿಂತ್ಕಳ್ರಿ, ನಾನು ನೋಡ್ತೀನಿ."

ಹೆಡ್ಡಿನಿಂದ ಹೊರಟ ನಾಲ್ಕು ಪೈಪುಗಳನ್ನು ಬೆರಳಲ್ಲಿ ಸವರುತ್ತ ಮಿಷಿನ್ನಿನ ಹಿಂದಕ್ಕೆ ಹೋದಳು. ಇಂಕಿನ ಬಾಟಲಿಗಳು ಇರುವುದು ಅಲ್ಲಿ, ನೆಲದ ಹತ್ತಿರದ ಹಲಗೆಯ ಮೇಲೆ. ಹಬ್ಬದ ಮುಂಚೆಯೇ ಅವಳು ತುಂಬಿಸಿಟ್ಟು ಹೋಗಿದ್ದರಿಂದ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅಡ್ಡವಿದ್ದ ಫ್ಲೆಕ್ಸ್ ರೋಲುಗಳನ್ನು ಸರಿಸಿದರೆ ಹಲಗೆ ಖಾಲಿ! ಬಾಟಲಿಗಳು ಎದೆಮಟ್ಟದ ಸ್ಟೂಲಿನ ಮೇಲೆ, ಮೈಮೇಲೆ ವಿಭೂತಿ ಪಟ್ಟೆ, ಒಣಗಿದ ಸೇವಂತಿಗೆ ಹಾರ ಹೊತ್ತು ಕುಳಿತಿದ್ದವು.

"ಇದನ್ಯಾರು ಏರ್ಸಿದ್ದು?"

ಮುರುಗಪ್ಪ ಕತ್ತು ಕೆರೆದುಕೊಂಡ. "ಪೂಜೆ ದಿನ ನೆಲ ತೊಳೆದ್ವಲ್ಲ, ನೀರು ತಾಗ್ದಂಗೆ ನಾನೇ ಇಟ್ಟೆ. ಹೂವು ಏರ್ಸಿದ್ದು, ಇಳ್ಸಾಕೆ ಮನಸ್ಸು ಬರ್ಲಿಲ್ಲ."

"ಬಾಟ್ಲಿ ಹೆಡ್ಡಿಗಿಂತ ಕೆಳಗಿರ್ಬೇಕಣ್ಣ. ಮೇಲಿದ್ರೆ ಇಂಕು ತಾನಾಗೇ ಇಳಿದು ಸೋರ್ತೈತೆ."

ತಿಪ್ಪೇಶ್ ಜೇಬಿಂದ ಫೋನು ತೆಗೆದು ಅದರಲ್ಲಿ ಏನನ್ನೋ ಹುಡುಕತೊಡಗಿದ.

"ಪೂಜೆ ಮಾಡಿ ಏರ್ಸಿದೋರು ನೀವು, ನೀವೇ ಇಳ್ಸ್ರಿ. ನಾನು ಮುಟ್ಟಲ್ಲ," ಅಂದಳು ಮಲೀಕಾ. "ಆದ್ರೆ ಈಗ್ಲೇ ಇಳ್ಸ್ರಿ."

ಮುರುಗಪ್ಪ ಕೈಮುಗಿದು ಒಂದೊಂದೇ ಬಾಟಲಿ ಇಳಿಸಿದ. ಮಲೀಕಾ ಹೆಡ್ಡು ಒರೆಸಿ ಕೆಳಗೆ ಬಿಳಿ ಹಾಳೆ ಹಾಸಿದಳು. ಅರ್ಧ ಗಂಟೆ ಮೂವರೂ ಅದನ್ನೇ ನೋಡುತ್ತ ನಿಂತರು. ಒಂದು ತೊಟ್ಟೂ ಬೀಳಲಿಲ್ಲ.

"ಸರಿ ಬಿಡಮ್ಮ, ಆಗಿದ್ದಾಯ್ತು," ಎಂದು ಮುರುಗಪ್ಪ ಪತ್ರ ಮಡಚಿದ.

ಆಗಿದ್ದಾಯ್ತಂತೆ! ಮಲೀಕಾ ಕಂಪ್ಯೂಟರಿನ ಮುಂದೆ ಕುಳಿತಳು. ಟೆಸ್ಟ್ ಪ್ರಿಂಟು ಹತ್ತಡಿ ಉದ್ದ ಹೊರಬಂತು: ‘ಹೆಡ್ಡು ಚೆನ್ನಾಗೈತೆ. ತಪ್ಪು ನನ್ನದಲ್ಲ.’ ಮೂಲೆಯಲ್ಲಿ ಸಣ್ಣಗೆ, ‘ಮಲೀಕಾ, ಹಿರಿಯೂರು’. ಅಂಗಡಿಯ ಮುಂದೆ ತಾನೇ ಏಣಿ ಹತ್ತಿ ಕಟ್ಟಿದಳು.

"ಏ, ತೆಗಿಯಮ್ಮ! ಜನ ಏನಂತಾರೆ?"

"ನಿಮ್ ಸ್ಟೂಲು ಎಂಟು ದಿನ ಇತ್ತಲ್ಲಣ್ಣ," ಅಂದಳು ಮಲೀಕಾ ಏಣಿ ಮೇಲಿಂದಲೇ. "ಇದೂ ಎಂಟು ದಿನ ಇರ್ಲಿ."