ಹಿಂದಿನ ಸಾಲು ಕಟ್ಟಿದ ಬೇಸಿಗೆ

ಕೂಡ್ಲಿಗಿಯಲ್ಲಿ ಫುಟ್‌ಬಾಲ್ ಆಡುತ್ತೇವೆ ಅಂದರೆ ಹೊರಗಿನವರು ನಗುತ್ತಾರೆ. ಇಲ್ಲಿ ಕ್ರಿಕೆಟ್ಟು, ಕಬಡ್ಡಿ, ಹೆಚ್ಚೆಂದರೆ ವಾಲಿಬಾಲ್. ಆದರೂ ನಮ್ಮದೊಂದು ತಂಡವಿದೆ. ಭಾನುವಾರ ಬೆಳಿಗ್ಗೆ ಕ್ರಿಕೆಟ್ಟಿನವರು ಹಾಸಿಗೆ ಬಿಟ್ಟು ಏಳುವುದರೊಳಗೆ ಕಾಲೇಜು ಮೈದಾನದಲ್ಲಿ ನಮ್ಮ ಆಟ ಮುಗಿದಿರುತ್ತದೆ. ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತ, ಮೈದಾನದಲ್ಲಿ ಗೋಲ್‌ಕೀಪರ್. ನನ್ನ ಮುಂದೆ, ಹಿಂದಿನ ಸಾಲಿನ ನಟ್ಟನಡುವೆ ನಿಲ್ಲುತ್ತಿದ್ದವನು ನಮ್ಮ ಕ್ಯಾಪ್ಟನ್. ಬಸ್‌ಸ್ಟ್ಯಾಂಡ್ ಹಿಂದೆ ಅವನದು ಟಿಂಕರಿಂಗ್ ಶೆಡ್ಡು. ಗುದ್ದಿಸಿಕೊಂಡು ಬಂದ ಲಾರಿ, ಕಾರುಗಳ ತಗಡನ್ನು ಸುತ್ತಿಗೆಯಲ್ಲಿ ಬಡಿದು ಸರಿಮಾಡುವ ಕೆಲಸ. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದರು. ಪ್ರೈಮರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ತಂಡದವರೆಲ್ಲ ಅವನನ್ನು ಭಾಯ್ ಅನ್ನುತ್ತಿದ್ದರು. ನಾನು ಲೇ ಅನ್ನುತ್ತಿದ್ದೆ.

ಆ ವರ್ಷ ಹರಪನಹಳ್ಳಿಯ ಟೂರ್ನಮೆಂಟಿನಲ್ಲಿ ಆಡಿದ ಎಲ್ಲಾ ಪಂದ್ಯಗಳನ್ನೂ ಸೋತು ಬಂದೆವು. ಗೋಲು ಹೊಡೆಯಲಿಲ್ಲ ಅಂತಲ್ಲ. ಹೊಡೆದದ್ದಕ್ಕಿಂತ ಹೆಚ್ಚು ಹೊಡೆಸಿಕೊಂಡೆವು. ಎಲ್ಲಾ ಒಂದೇ ರೀತಿಯ ಗೋಲುಗಳು. ನಮ್ಮ ಹಿಂದಿನ ನಾಲ್ವರು ಒಟ್ಟಿಗೆ ಮುಂದಕ್ಕೆ ಸರಿದರೆ ಎದುರಾಳಿ ಅವರ ಬೆನ್ನ ಹಿಂದೆ ಒಬ್ಬನೇ ಉಳಿಯುತ್ತಾನೆ, ಆಗ ಅವನಿಗೆ ಚೆಂಡು ಬಂದರೆ ಆಫ್‌ಸೈಡ್, ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ನಾಲ್ವರಲ್ಲಿ ಒಬ್ಬ ಹಿಂದೆ ಉಳಿದರೂ ಎಲ್ಲಾ ಕೆಟ್ಟಿತು. ಯಾವಾಗ ಸರಿಯಬೇಕು ಅಂತ ಕೂಗುವುದು ನನ್ನ ಕೆಲಸ. 'ಏರು!' ಅಂತ ಕೂಗುತ್ತಿದ್ದೆ. ಸಾಲು ಏರುತ್ತಿತ್ತು, ಎಲ್ಲೋ ಒಂದು ಕಡೆ ಸೊಟ್ಟಗಾಗುತ್ತಿತ್ತು, ಎದುರಾಳಿ ನುಗ್ಗಿ ಬರುತ್ತಿದ್ದ. ನನ್ನ ಕಣ್ಣೆಲ್ಲ ಆ ನುಗ್ಗುವವನ ಮೇಲೆ. ಯಾರು ಹಿಂದೆ ಉಳಿದರು ಅಂತ ನೋಡುವ ಪುರುಸೊತ್ತು ಎಲ್ಲಿಯದು?

ಎಲ್ಲರೂ ಸಾಲಿನ ಎಡಗಡೆ ನಿಲ್ಲುತ್ತಿದ್ದ ಮೇಷ್ಟ್ರನ್ನು ಬೈದರು. ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ನಡೆಸುವ, ಜಗಳವಾಡಲು ಬಾರದ ಮನುಷ್ಯ. "ಮೇಷ್ಟ್ರ, ಹಾಜರಿ ತಗೊಂಡಂಗ ನಿಧಾನಕ್ಕ ಓಡಬ್ಯಾಡ್ರಿ" ಅಂತ ಕ್ಯಾಪ್ಟನ್ನೇ ನಗೆಯಾಡಿದ. ಮೇಷ್ಟ್ರು ಬೂಟು ಬಿಚ್ಚುತ್ತಾ ತಲೆ ತಗ್ಗಿಸಿ ಕೂತಿದ್ದರು.

ಮಳೆಗಾಲ ಕಳೆದ ಮೇಲೆ ಮತ್ತೆ ಟೂರ್ನಮೆಂಟು. ಅಷ್ಟರೊಳಗೆ ಹಿಂದಿನ ಸಾಲನ್ನು ಹೊಸದಾಗಿ ಕಟ್ಟಬೇಕು ಅಂತ ನಾನೂ ಕ್ಯಾಪ್ಟನ್ನೂ ಶೆಡ್ಡಿನಲ್ಲಿ ಕೂತು ತೀರ್ಮಾನಿಸಿದೆವು. ಮೊದಲು ಜನ ಬೇಕು. ಕೊಟ್ಟೂರಿನಲ್ಲಿ ಗಟ್ಟಿ ಆಳೊಬ್ಬ ಇದ್ದಾನೆ ಅಂತ ಕೇಳಿ ಬೈಕಿನಲ್ಲಿ ಹೋದೆವು. ಅವನು ಚಹಾ ಕುಡಿಸಿ, ತನ್ನ ಮದುವೆಯಾಗಿದೆ, ಭಾನುವಾರ ಹೆಂಡತಿ ಊರಿಗೆ ಹೋಗಬೇಕು ಅಂತ ಕೈ ಮುಗಿದ. ಹಡಗಲಿಗೆ ವರ್ಗವಾಗಿ ಹೋಗಿದ್ದ ನಮ್ಮ ಹಳೆಯ ಆಟಗಾರನನ್ನು ಕೇಳಿದೆವು. ಹೊಟ್ಟೆ ತೋರಿಸಿ ನಕ್ಕ. ಕೊನೆಗೆ ಸಿಕ್ಕವನು ಹರಪನಹಳ್ಳಿ ಕಡೆಯಿಂದ ನಮ್ಮೂರಿಗೆ ವರ್ಗವಾಗಿ ಬಂದ ಲೈನ್‌ಮನ್. ಎತ್ತರದ ಆಳು, ಮಾತು ಕಡಿಮೆ. "ಬರ್ತೀನಿ ಬಿಡ್ರಿ. ಆದ್ರೆ ಕರೆಂಟ್ ಹೋದ್ರೆ ನಾನೂ ಹೋಗ್ಬೇಕಾಗುತ್ತೆ" ಅಂದ.

ಮೇಷ್ಟ್ರನ್ನು ಹೊರಗೆ ಕೂರಿಸಿ ಲೈನ್‌ಮನ್‌ನನ್ನು ಎಡಕ್ಕೆ ನಿಲ್ಲಿಸಿದೆವು. ಏಪ್ರಿಲ್ ಬಿಸಿಲಿಗೆ ಹೆದರಿ ಬೆಳಕು ಹರಿಯುತ್ತಲೇ ಅಭ್ಯಾಸ. ಆದರೂ ಅದೇ ಸೊಟ್ಟ ಸಾಲು, ಅದೇ ಗೋಲು. ಬಲಗಡೆಯವನನ್ನು ಬದಲಿಸಿದೆವು. ಮತ್ತೂ ಅದೇ. ಒಂದು ದಿನ ಲೈನ್‌ಮನ್‌ಗೆ ಸಿಟ್ಟು ಬಂತು. "ನಾನು ಸರಿಯಾಗೇ ಓಡ್ತಿದೀನಿ. ಬೇಕಾದ್ರೆ ಒಬ್ಬೊಬ್ಬರನ್ನೇ ಓಡ್ಸಿ ನೋಡ್ರಿ" ಅಂದ.

ಹಾಗೇ ಮಾಡಿದೆ. ಒಬ್ಬೊಬ್ಬರೇ ನನಗೆ ಬೆನ್ನು ಮಾಡಿ ನಿಲ್ಲಬೇಕು, ನಾನು ಕೂಗಿದ ಕೂಡಲೇ ಓಡಬೇಕು, ಉಳಿದವರು ನನ್ನ ಪಕ್ಕದಲ್ಲಿ ನಿಂತು ನೋಡಬೇಕು. ಲೈನ್‌ಮನ್ ಬಾಣದಂತೆ ಹೋದ. ಮೇಷ್ಟ್ರೂ ತಡಮಾಡಲಿಲ್ಲ. ಕೊನೆಗೆ ಕ್ಯಾಪ್ಟನ್ ಹೋಗಿ ನಿಂತ, ಸೊಂಟದ ಮೇಲೆ ಕೈಯಿಟ್ಟು.

"ಏರು!" ಅಂದೆ.

ಅವನು ನಿಂತೇ ಇದ್ದ.

"ಏರು!" ಅಂತ ಇನ್ನೂ ಜೋರಾಗಿ ಕೂಗಿದೆ. ಮೈದಾನದ ಬೇವಿನಮರದಿಂದ ಹಕ್ಕಿಗಳು ಎದ್ದವು. ಅವನು ಕಾಲಿನಿಂದ ನೆಲದ ಕಲ್ಲೊಂದನ್ನು ಸರಿಸಿದ. ಸ್ವಲ್ಪ ಹೊತ್ತು ಬಿಟ್ಟು ತಿರುಗಿ ನನ್ನ ಕಡೆ ನೋಡಿ ನಗುತ್ತಾ ಕೇಳಿದ: "ಲೇ, ಕರಿಯೋ ಮತ್ತ. ಎಷ್ಟೊತ್ತು ನಿಂದ್ರಲಿ?"

ನಮ್ಮ ಮುಖಗಳನ್ನು ನೋಡುತ್ತಾ ನೋಡುತ್ತಾ ಅವನ ನಗು ಆರಿತು. ಅಷ್ಟು ದಿನ ಅವನು ಅಕ್ಕಪಕ್ಕದವರು ಓಡುವುದನ್ನು ಓರೆಗಣ್ಣಿನಲ್ಲಿ ನೋಡಿ ಆಮೇಲೆ ಓಡುತ್ತಿದ್ದ. ಆ ಅರೆಗಳಿಗೆಯಲ್ಲೇ ನಮ್ಮ ಮೇಲೆ ಗೋಲಾಗುತ್ತಿತ್ತು. ಮೇಷ್ಟ್ರು ಏನಾದರೂ ಅನ್ನಬಹುದಿತ್ತು. ಬದಲಿಗೆ ಹೋಗಿ ಅವನಿಗೆ ನೀರಿನ ಬಾಟಲಿ ಕೊಟ್ಟರು.

ಸಂಜೆ ಅವನ ಮನೆಗೆ ಹೋದೆ. ಅವನು ನಮಾಜಿಗೆ ಹೋಗಿದ್ದ. ಅವನ ಹೆಂಡತಿ, ನಮಗೆಲ್ಲ ಭಾಬಿ, ಬಾಗಿಲಲ್ಲೇ ನಿಂತು ಹೇಳಿದರು: "ನಿಮಗ ಇವತ್ತು ಗೊತ್ತಾತೇನಣ್ಣ? ನಂಗ ಎರಡು ರಂಜಾನ್ ಹಿಂದನೇ ಗೊತ್ತೈತಿ. ಕುಕ್ಕರ್ ಸೀಟಿ ಕೇಳ್ಸಂಗಿಲ್ಲ, ಮಗಳು ಅತ್ರ ಕೇಳ್ಸಂಗಿಲ್ಲ. ಬಾಯಿ ನೋಡಿ ಮಾತು ಹಿಡೀತಾರ. ತಂಡದವ್ರಿಗೆ ಹೇಳಿದ್ರ ನೋಡು ಅಂತ ಆಣಿ ಹಾಕಿಸ್ಕೊಂಡಾರ."

ಹೊಸಪೇಟೆಯ ಕಿವಿ ಡಾಕ್ಟರರ ಹತ್ತಿರ ಅವನನ್ನು ಕರೆದುಕೊಂಡು ಹೋದವನು ನಾನೇ. ಒಳಗಿನ ನರ ಸತ್ತಿದೆ, ಸುತ್ತಿಗೆಯ ಸದ್ದು ಅದನ್ನು ತಿಂದಿದೆ, ಹೋದದ್ದು ಬರುವುದಿಲ್ಲ ಅಂದರು. ಉಳಿದದ್ದು ಉಳಿಯಬೇಕಾದರೆ ಸುತ್ತಿಗೆ ಬಿಡಬೇಕು. ಅವನು ನನ್ನ ಕಡೆ ತಿರುಗಿ, "ಏನಂದ್ರು?" ಅಂತ ಕೇಳಿದ. ಡಾಕ್ಟರು ಮಾಸ್ಕ್ ಹಾಕಿದ್ದರು, ಅವರ ಬಾಯಿ ಅವನಿಗೆ ಕಂಡಿರಲಿಲ್ಲ. ಅಷ್ಟನ್ನೂ ನಾನೇ ನನ್ನ ಬಾಯಿಂದ ಅವನಿಗೆ ಮತ್ತೊಮ್ಮೆ ಹೇಳಬೇಕಾಯಿತು.

"ಸುತ್ತಿಗಿ ಬಿಟ್ಟು ಏನು ನಿನ್ನಂಗ ಫೈಲ್ ಹಿಡೀಲೇನು?" ಅಂದ.

ಕಿವಿಗೆ ಹಾಕುವ ಮಷೀನು ತಂದ. ಮನೆಯಲ್ಲಿ ಅದು ಒಂದಿಷ್ಟು ಆಗಿಬಂತು. ಮೈದಾನದಲ್ಲಿ ಗಾಳಿಗೆ ಕುಂಯ್‌ಗುಟ್ಟಿತು. ಮೊದಲ ಸಲ ತಲೆಯಿಂದ ಚೆಂಡು ಹೊಡೆಯುತ್ತಲೇ ಕಿವಿಯಿಂದ ಹಾರಿತು. ಹನ್ನೊಂದು ಜನವೂ ಕೆಂಪುಮಣ್ಣಿನಲ್ಲಿ ಮಂಡಿಯೂರಿ ಹುಡುಕಿದೆವು. ಸಿಕ್ಕಿತು. ಮತ್ತೆ ಅವನು ಅದನ್ನು ಆಟಕ್ಕೆ ಹಾಕಿಕೊಳ್ಳಲಿಲ್ಲ.

ಮುಂದಿನ ಸಾಲಿನಲ್ಲಿ ಆಡು ಅಂದೆವು. "ಮುಂದ ಹೋಗಿ ಏನ್ ಮಾಡ್ಲಿ? ಬರೋ ಬಾಲ್ ತಡಿಯೋದೊಂದೇ ನಂಗೆ ಬರೋದು" ಅಂದ. ಅದು ನಿಜವೂ ಆಗಿತ್ತು. ಅಷ್ಟು ಎತ್ತರಕ್ಕೆ ಹಾರುವವನು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಉಳಿದ ದಿನಗಳನ್ನೆಲ್ಲ ಬೇರೆಯದೇ ಆಟ ಕಲಿಯುವುದರಲ್ಲಿ ಕಳೆದೆವು. ಇನ್ನು ಸಾಲು ಏರುವುದೇ ಬೇಡ. ನಾಲ್ವರೂ ಗೋಲಿನ ಮುಂದೆಯೇ ಗುಂಪಾಗಿ ನಿಲ್ಲಬೇಕು, ಮೇಷ್ಟ್ರೂ ಮತ್ತೆ ಒಳಗೆ ಬಂದರು. ಕೂಗುವ ಅಗತ್ಯವೇ ಬೀಳದಂಥ ಆಟ. ಆಫ್‌ಸೈಡಿನ ಆಸರೆ ಬಿಟ್ಟು ಆಡುವುದು ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಬೇಡ ಅನ್ನಲಿಲ್ಲ.

ಹೊಸ ಹಂಗಾಮಿನ ಮೊದಲ ಪಂದ್ಯ ಹಗರಿಬೊಮ್ಮನಹಳ್ಳಿಯಲ್ಲಿ. ಮೊದಲರ್ಧ ನಮ್ಮ ಮೇಲೆ ಒಂದೂ ಗೋಲಾಗಲಿಲ್ಲ. ಕ್ಯಾಪ್ಟನ್ ಬಂದ ಚೆಂಡನ್ನೆಲ್ಲ ತಲೆಯಿಂದ ಆಚೆ ದಬ್ಬಿದ. ವಿರಾಮದಲ್ಲಿ ಲೈನ್‌ಮನ್ ಅವನ ಬೆನ್ನು ತಟ್ಟಿ, "ಭಾಯ್, ಕಂಬ ನೆಟ್ಟಂಗೆ ನಿಂತೀರಿ" ಅಂದ. ಅವನಿಗೆ ಅದು ಅರ್ಥವಾಯಿತು, ಜೋರಾಗಿ ನಕ್ಕ. ನನಗೂ ಆಸೆ ಹುಟ್ಟಿತು.

ಎರಡನೆಯ ಅರ್ಧದಲ್ಲಿ ಎತ್ತರದ ಚೆಂಡೊಂದು ತೇಲಿ ಬಂತು. ಅದು ನನ್ನದು. ಎರಡು ಹೆಜ್ಜೆ ಮುಂದೆ ಬಂದರೆ ಕೈಗೆ ಸಿಗುವಂಥದ್ದು. "ನಂದು!" ಅಂತ ಕೂಗಿ ಗೋಲು ಬಿಟ್ಟು ಮುಂದೆ ಬಂದೆ. ಕೂಗಿದ ಕ್ಷಣದಲ್ಲೇ ತಪ್ಪು ಗೊತ್ತಾಯಿತು, ಆದರೆ ನಿಲ್ಲಲು ಆಗಲಿಲ್ಲ. ಅವನು ನನಗೆ ಬೆನ್ನು ಮಾಡಿದ್ದ, ಚೆಂಡನ್ನೇ ನೋಡುತ್ತಾ ಹಿಂದೆ ಹಿಂದೆ ಬರುತ್ತಿದ್ದ. ಹಾರಿದ. ತಲೆಗೆ ತಗುಲಿದ ಚೆಂಡು ನನ್ನ ಮೇಲಿಂದ ಹಾದು ಖಾಲಿ ಗೋಲಿಗೆ ನಿಧಾನವಾಗಿ ಉರುಳಿತು. ನಾವಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದಿದ್ದೆವು. ಬಿದ್ದಲ್ಲಿಂದಲೇ ಚೆಂಡು ಉರುಳುವುದನ್ನು ನೋಡಿದೆ.

ಅವನು ಮೊದಲು ಎದ್ದು ನನಗೆ ಕೈ ಕೊಟ್ಟು ಎಬ್ಬಿಸಿದ. ನನ್ನ ತುಟಿಗಳನ್ನೇ ನೋಡುತ್ತಾ ಕೇಳಿದ: "ಕರದಿದ್ಯೇನು?"

"ಇಲ್ಲ. ಕರೀಲಿಲ್ಲ."

ಮೇಷ್ಟ್ರು, ಲೈನ್‌ಮನ್ ಇಬ್ಬರೂ ಅಲ್ಲೇ ಇದ್ದರು. ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಅಂಗಿಯಿಂದ ಮುಖದ ಮಣ್ಣು ಒರೆಸಿಕೊಂಡ. ತೋಳಿಗೆ ಕಟ್ಟಿದ್ದ ಕ್ಯಾಪ್ಟನ್ ಪಟ್ಟಿಯನ್ನು ಬಿಚ್ಚಿ ಮೇಷ್ಟ್ರ ಕೈಗಿಟ್ಟು ಗೆರೆಯಾಚೆ ನಡೆದ. ಪಂದ್ಯ ಇನ್ನೂ ಬಾಕಿಯಿತ್ತು. ನಾನು ಅವನ ಬೆನ್ನಿಗೆ 'ಲೇ!' ಅಂತ ಕೂಗಿದೆ. ಅಭ್ಯಾಸಬಲ, ಮತ್ತೇನು.

ಅವನಿಲ್ಲದೆ ಹಿಂದಿನ ಸಾಲು ಸುಧಾರಿಸಿತು. ಇದನ್ನು ಬರೆಯುವುದು ಕಷ್ಟ, ಆದರೆ ನಡೆದದ್ದು ಇದೇ. ಲೈನ್‌ಮನ್ ನಡುವೆ ನಿಂತ. 'ಏರು' ಅಂದರೆ ನಾಲ್ವರೂ ದಾರ ಹಿಡಿದಂತೆ ಏರುತ್ತಾರೆ. ಹಡಗಲಿಯವರೊಂದಿಗೆ ಪಂದ್ಯ ಸಮನಾಯಿತು, ನಮ್ಮ ಮೇಲೆ ಒಂದೂ ಗೋಲಾಗಲಿಲ್ಲ. ನಾವು ಅಷ್ಟು ವರ್ಷ ಬೇಡಿಕೊಂಡದ್ದು ಅದನ್ನೇ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶೆಡ್ಡಿಗೆ ಹೋದೆ. ಕಿವಿಯಲ್ಲಿ ಹತ್ತಿ ತುರುಕಿಕೊಂಡು ಜೀಪಿನ ಬಾಗಿಲೊಂದನ್ನು ಬಡಿಯುತ್ತಿದ್ದ. ಅವನಿಗೆ ಕಾಣುವ ಹಾಗೆ ಎದುರಿಗೆ ಬಂದು ನಿಂತೆ.

"ಎಷ್ಟು ಹಾಕಿಸ್ಕೊಂಡ್ರಿ?" ಅಂತ ಗಟ್ಟಿದನಿಯಲ್ಲಿ ಕೇಳಿದ. ಈಗೀಗ ಅವನು ಎಲ್ಲವನ್ನೂ ಗಟ್ಟಿಯಾಗಿಯೇ ಹೇಳುತ್ತಾನೆ.

"ಒಂದೂ ಇಲ್ಲ."

"ಒಂದಾ?"

ಇಲ್ಲ ಅಂತ ತಲೆಯಾಡಿಸಿದೆ. ಬರಿಗೈ ತೋರಿಸಿದೆ. ಅವನು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದ. "ಹೌದೇನು? ಛಲೋ ಆತು ಬಿಡು" ಅಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ಸರಿಸಿ, ಎದುರಿನ ಅಂಗಡಿಗೆ ಎರಡು ಚಹಾ ಅಂತ ಬೆರಳು ತೋರಿಸಿದ. ಚಹಾ ಬಂತು. ಕುಡಿದೆವು. ಕಚೇರಿಗೆ ಹೊತ್ತಾಯಿತು ಅಂತ ಗಡಿಯಾರ ತೋರಿಸಿ ಎದ್ದೆ.