ಕಾಲುವೆ ಕ್ರಾಸಿನಲ್ಲಿ ಗೆರೆ ಎಳೆಯುವ ಶಾವಲಿ

ಬೆಳಗಿನ ಆರು ಗಂಟೆ. ಸಿಂಧನೂರು–ಮಸ್ಕಿ ರಸ್ತೆಯ ಕಾಲುವೆ ಕ್ರಾಸಿನ ಪಂಕ್ಚರ್ ಅಂಗಡಿಯಲ್ಲಿ ಶಾವಲಿ ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ಎದ್ದ ಕಡೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಾರೆ. ಭತ್ತ ಹೇರಿದ ಎರಡು ಟ್ರಾಲಿಯ ಟ್ರ್ಯಾಕ್ಟರ್ ಬರುತ್ತದೆ. ಶಾವಲಿ ಟ್ಯೂಬ್ ಬಿಸಾಕಿ ರಸ್ತೆಗೆ ಓಡುತ್ತಾರೆ. "ತಡೀಲೇ! ಅಂವ ಬಲಕ್ಕ ಹೊಳ್ಳಾಕತ್ತಾನ!" ಹಿಂದಿದ್ದ ಬೈಕಿನವನು ಇವರನ್ನೇ ಬೈದು ಬ್ರೇಕ್ ಹಾಕುತ್ತಾನೆ.

ಎರಡು ಟ್ರಾಲಿ ಬಲಕ್ಕೆ ತಿರುಗಬೇಕಾದರೆ ಮೊದಲು ಎಡಕ್ಕೆ ಸರಿಯಲೇಬೇಕು, ಇಲ್ಲದಿದ್ದರೆ ಹಿಂದಿನದು ಮೋರಿಗೆ ಬಡಿಯುತ್ತದೆ. ಹಿಂದೆ ಬರುವ ಬೈಕಿನವರು, ಟ್ರ್ಯಾಕ್ಟರ್ ತಮಗೆ ದಾರಿ ಬಿಟ್ಟಿತು ಎಂದುಕೊಂಡು ಬಲಗಡೆಯಿಂದ ನುಗ್ಗುತ್ತಾರೆ. ಕ್ರಾಸಿನಲ್ಲಿ ಓವರ್‌ಟೇಕ್ ಮಾಡಬಾರದು ಎಂದು ಲೈಸೆನ್ಸ್ ಕೊಡುವಾಗ ಯಾರಿಗೆ ಹೇಳುತ್ತಾರೋ ದೇವರಿಗೇ ಗೊತ್ತು. ಟ್ರಾಲಿಗೆ ಹಿಂದಿನ ದೀಪ ಹಾಕಿಸದ ಮಾಲೀಕರಿಗೂ ಇಲ್ಲಿ ಒಂದು ಎಚ್ಚರಿಕೆಯ ಬೋರ್ಡ್ ನೆಡದ ಅಧಿಕಾರಿಗಳಿಗೂ ನಾಚಿಕೆಯೇ ಇಲ್ಲ. "ಕ್ರಾಸ್ ಕಂಡ್ರ ಹಿಂದ ನಿಂದ್ರಬೇಕ್ರೀ. ಎರಡು ನಿಮಿಷ ತಡ ಆದ್ರ ಏನ್ ಮುಳುಗತೈತಿ?" ಎನ್ನುತ್ತಾರೆ ಶಾವಲಿ.

ಡಿಕ್ಕಿಯಾದರೆ ಇಲ್ಲಿನ ತೀರ್ಪು ಒಂದೇ: ದೊಡ್ಡ ಗಾಡಿಯದೇ ತಪ್ಪು. ಜನ ಚಾಲಕನಿಗೆ ಬಡಿಯುತ್ತಾರೆ, ಗಾಡಿಗಳನ್ನು ಬದಿಗೆ ತಳ್ಳುತ್ತಾರೆ. ಪೊಲೀಸರು ಬರುವಷ್ಟರಲ್ಲಿ ಯಾರು ಎಲ್ಲಿದ್ದರೆಂಬುದೇ ಗೊತ್ತಾಗುವುದಿಲ್ಲ. ಅದಕ್ಕೇ ಶಾವಲಿ ಗಾಯಾಳುವನ್ನು ಆಂಬುಲೆನ್ಸಿಗೆ ಹತ್ತಿಸಿದ ಕೂಡಲೇ ಗಾಲಿಗಳ ಸುತ್ತ ಅದೇ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಹತ್ತೊಂಬತ್ತು ಅಪಘಾತ. "ಯಾರೂ ಹೇಳಿಲ್ರೀ. ನೋಡ್ಕೊಂತ ಸುಮ್ನ ಕುಂದ್ರಾಕ ಆಗಂಗಿಲ್ಲ."

ಕಳೆದ ಸುಗ್ಗಿಯಲ್ಲಿ ಹಾಗೆ ಬಲಗಡೆಯಿಂದ ಬೈಕ್ ನುಗ್ಗಿಸಿದವನು ಅವರ ಹೆಂಡತಿಯ ತಮ್ಮ ಪೀರ್‌ಸಾಬ್. ಒಂದು ಕಾಲು ಹೋಯಿತು. ಶಾವಲಿ ಅಳುತ್ತಲೇ ಗೆರೆ ಎಳೆದರು. ಟ್ರ್ಯಾಕ್ಟರಿನ ಕೂಲಿ ಚಾಲಕ ಗದ್ದೆಪ್ಪ, ಇಂಡಿಕೇಟರ್ ಕೆಟ್ಟಿದ್ದರಿಂದ ಬಲಗೈ ಚಾಚಿ ಸನ್ನೆ ಮಾಡಿಯೇ ತಿರುಗಿದ್ದ. ಜನ ಆ ಕೈಯನ್ನೇ ಮುರಿದರು. ಮುರಿದವರ ಮೇಲೆ ಕೇಸಿಲ್ಲ, ಕೇಸು ಗದ್ದೆಪ್ಪನ ಮೇಲಿದೆ! ಅವನ ಪರ ಸೋಮವಾರ ಕೋರ್ಟಿನಲ್ಲಿ ಸಾಕ್ಷಿ ಹೇಳಬಲ್ಲವರು ಶಾವಲಿ ಒಬ್ಬರೇ.

ಹೆಂಡತಿ ಮೆಹರಬಾನು ಕೆಂಡವಾಗಿದ್ದಾರೆ. "ನನ್ನ ತಮ್ಮನ ಕಾಲು ಹೋಗೈತ್ರೀ. ಇವರಿಗೆ ಗೆರಿನ ದೊಡ್ಡದಾತು. ಟ್ರ್ಯಾಕ್ಟರಿನವಂದ ತಪ್ಪು ಅಂದ್ರ ಇವರ ಗಂಟೇನು ಹೊಕ್ಕೈತಿ?" ಅವರ ತವರಿನವರು ಈ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದಾರೆ.

ಸೋಮವಾರ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ ಶಾವಲಿ ನನ್ನ ಮೇಲೇ ಸಿಟ್ಟಾಗುತ್ತಾರೆ.

"ಇದೇನ್ ಕೇಳ್ತೀರಿ? ಗದ್ದೆಪ್ಪ ಕೈ ತೋರ್ಸಿದ್ದು ನಾ ಕಣ್ಣಾರೆ ನೋಡೀನಿ. ಜಡ್ಜ್ ಸಾಹೇಬ್ರ ಮುಂದ ನಿಂತು, ತಪ್ಪು ನಮ್ಮ ಹುಡುಗಂದು ಅಂತ ಹೇಳ್ತೀನಿ. ಹೇಳಿ, ಅಲ್ಲಿಂದ ಸೀದಾ ಪೀರ್‌ಸಾಬನ ಮನಿಗೇ ಹೋಗ್ತೀನಿ. ಬಾಗ್ಲಾ ತೆಗೀಲಿಲ್ಲಂದ್ರ ಹೊರಗ ಕುಂದ್ರತೀನಿ."